ಕಳಶದ ಕೆಳಗಿನ ಟೈಲ್ಸ್

ಸೋನಾಬಾಯಿಯ ಹೆಬ್ಬೆರಳು ಥಟ್ಟನೆ ನಿಂತಿತು.

ಭೋಜ ಗ್ರಾಮ. ಬುಧವಾರ, ಬೆಳಗಿನ ಆರೂವರೆ. ಬಿಳಿ ಬಟ್ಟೆಯಲ್ಲಿ ನೀರು ಸೋಸಿ, ಬೆಳ್ಳಿ ಕಳಶಕ್ಕೆ ತುಂಬಿ, ಅಭಿಷೇಕಕ್ಕೆಂದು ಬಸದಿಗೆ ಒಯ್ಯುವುದು ಎಪ್ಪತ್ತೆಂಟರ ಸೋನಾಬಾಯಿಯ ದಿನದ ಮೊದಲ ಕೆಲಸ. ಕಳಶದ ಕೊರಳ ಕೆಳಗೆ ಕಮಲದ ದಳಗಳ ಕೆತ್ತನೆ. ಅದರಲ್ಲಿ ಒಂದೇ ಒಂದು ದಳ ಸವೆದು ನುಣ್ಣಗಾಗಿತ್ತು. ಆ ಮನೆಯ ನಾಲ್ಕು ತಲೆಮಾರಿನ ಹೆಂಗಸರ ಹೆಬ್ಬೆರಳು ಕೂತ ಜಾಗ ಅದು.

ಇವತ್ತು ಅದು ಚುಚ್ಚಿತು.

ಕಳಶವನ್ನು ತಿರುಗಿಸಿದಳು. ಎಲ್ಲ ದಳಗಳೂ ಚುಚ್ಚಿದವು.

"ಧರಣೇಂದ್ರಾ, ಇಲ್ಲಿ ಬಾರೊ!"

ಮಗ ಧರಣೇಂದ್ರ ಪಾಟೀಲ ಓಡಿ ಬಂದ. ಊರಿನ ದೊಡ್ಡ ರೈತ. ಸಿಟ್ಟೂ ದೊಡ್ಡದು.

"ಏನಾತವ್ವಾ?"

"ಇದು ನಮ್ಮ ಕಳಶ ಅಲ್ಲ."

"ನಿನ್ನಿ ಸಮ್ಮೇದ ಸ್ಟುಡಿಯೋದಿಂದ ತಂದಾನಲ್ಲ. ಅದ ಐತಿ ನೋಡು. ಅದ ಕೆತ್ತನಿ, ಅದ ಕಪ್ಪು."

"ಕಣ್ಣಿಗೆ ಅದ ಐತಿ. ಕೈಗೆ ಅಲ್ಲ." ಮುದುಕಿ ಕಳಶವನ್ನು ಕಟ್ಟೆಯ ಮೇಲೆ ಇಟ್ಟಳು. "ದಶಲಕ್ಷಣ ಪರ್ವ ಮುಗದ ಮ್ಯಾಲ ಪೂನಮನ ಕೈಯಾಗ ಕೊಡ್ತೇನಂತ ಹೇಳಿದ್ನಿ. ಈಗ ಆ ಹುಡಗೀಗೆ ಏನ ಕೊಡ್ಲಿ?"

ಪೂನಮ ಧರಣೇಂದ್ರನ ಮಗಳು. ರಾಯಬಾಗಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅವಳ ತಮ್ಮ ಸಮ್ಮೇದ ಬಾಗಿಲಲ್ಲಿ ನಿಂತಿದ್ದ. ನಿಪ್ಪಾಣಿಯಲ್ಲಿ ಅವನದು ಪೂಜಾ ಸಾಮಾನಿನ ಅಂಗಡಿ. ಮನೆಯ ಕಳಶದಂಥವೇ ಹನ್ನೆರಡು ಹೊಸ ಕಳಶ ಮಾಡಿಸಿದ್ದ. ಅವುಗಳ ಜಾಹೀರಾತಿಗೆ ಹಳೆಯದರ ಫೋಟೋ ಬೇಕೆಂದು ಕೇಳಿ ಒಯ್ದವನೂ ಅವನೇ.

"ಆಯಿ, ಬದಲಾಗಿದ್ರ ಸ್ಟುಡಿಯೋದಾಗ ಆಗಿರಬೇಕು," ಎಂದ ಸಮ್ಮೇದ ಮೆಲ್ಲಗೆ. "ಸೋಮವಾರ ರಾತ್ರಿ ಕಳಶ ಅಲ್ಲಿ ಕಪಾಟಿನ್ಯಾಗಿತ್ತು. ಕೀಲಿ ಅಲ್ಲಿನ ಕೆಲಸದಾಕಿ ಶೇವಂತಾನ ಕಡೆ."

* * *

ಪೊಲೀಸ್ ಫೌಜದಾರ ನೀಲಮ ಜೀಪಿನಿಂದ ಇಳಿಯುವ ಹೊತ್ತಿಗೆ ನಿಪ್ಪಾಣಿಯ ಆ ಓಣಿಯ ಮಂದಿಯೆಲ್ಲ ಸೇರಿದ್ದರು. ಒಂದು ಕಾಲದ ತಂಬಾಕಿನ ಗೋದಾಮು ಈಗ ರೂಪಾಲಿಯ ಫೋಟೋ ಸ್ಟುಡಿಯೋ. ಅದರ ಮೆಟ್ಟಿಲ ಮುಂದೆ ನಿಂತು ಧರಣೇಂದ್ರ ಕೂಗುತ್ತಿದ್ದ.

"ಕಳ್ಳಿ ಅದಾಳ ಈಕಿ! ರೂಪಾಲಿ, ಸಂಜೀ ಒಳಗ ಈಕೀನ ಹೊರಗ ಹಾಕು. ಇಲ್ಲಂದ್ರ ನಮ್ಮ ಮಂದಿ ಒಂದ ಪೂಜಿ ಗಂಟಿ ಸೈತ ನಿನ್ನ ಕಡೆ ಫೋಟೋಕ್ಕ ತರಂಗಿಲ್ಲ!"

ಬಾಗಿಲಲ್ಲಿ ಶೇವಂತಾ ನಿಂತಿದ್ದಳು. ನಲವತ್ತೈದರ ಗಟ್ಟಿ ಹೆಂಗಸು. ಅಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಮಾತ್ರ ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದಳು. ಕಳ್ಳಿ ಎಂದು ಹೆಸರಾದವಳಿಗೆ ನಿಪ್ಪಾಣಿಯಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲ. ಅದು ಅವಳಿಗೂ ಗೊತ್ತು, ಓಣಿಗೂ ಗೊತ್ತು.

"ಪಾಟೀಲ್ರ," ಎಂದಳು ನೀಲಮ, "ತೀರ್ಪು ಆಮ್ಯಾಲ ಕೊಡೂಣು. ಮೊದಲ ದೂರು ಬರಸ್ರಿ."

"ಬರಸೂದೇನ್ರಿ, ಸಾಕ್ಷಿ ತಂದೀನಿ." ಧರಣೇಂದ್ರ ಫೋನು ಮುಂದೆ ಹಿಡಿದ. "ಸೋಮವಾರ ಸಂಜೀ ಐದೂವರಿಗೆ ನನ್ನ ಮಗ ಇಲ್ಲಿಂದ ಕಳಿಸಿದ ಫೋಟೋ. ನಾ ಕೇಳಿದ್ದಿಲ್ಲ. ಅಪ್ಪ ಚಿಂತಿ ಮಾಡ್ತಾನಂತ ತಾನ ಕಳಿಸ್ಯಾನ. ನಮ್ಮವ್ವ ನೋಡ್ಯಾಳ. ಇದು ನಮ್ಮ ಕಳಶ ಹೌದಂತಾಳ."

ಬಂಗಾರದ ಗೆರೆಗಳಿರುವ ಬಿಳಿ ಟೈಲ್ಸ್. ಅದರ ಮೇಲೆ ಕಳಶ. ಕೊರಳ ಕೆಳಗೆ ಸವೆದ ಒಂದು ದಳ ಬೆಳಕಿಗೆ ಮಿನುಗುತ್ತಿತ್ತು. ನೀಲಮ ಫೋಟೋವನ್ನು ತನ್ನ ಫೋನಿಗೆ ಹಾಕಿಸಿಕೊಂಡಳು.

ಸ್ಟುಡಿಯೋ ಒಳಗೆ ಮೂರೂ ಗೋಡೆಗೆ ಕಬ್ಬಿಣದ ರ‍್ಯಾಕು. ಅದರ ತುಂಬ ತಟ್ಟೆ ಜೋಡಿಸಿದಂತೆ ಟೈಲ್ಸು ನಿಂತಿದ್ದವು. ಎರಡಡಿ ಉದ್ದ, ಎರಡಡಿ ಅಗಲ. ಅಮೃತಶಿಲೆಯಂಥವು, ಕರಿಕಲ್ಲಿನಂಥವು, ಹಳೆ ಹಲಗೆಯಂಥವು.

"ಇಷ್ಟ್ಯಾಕ ಟೈಲ್ಸ್?" ಎಂದಳು ನೀಲಮ.

ರೂಪಾಲಿಗೆ ಮೂವತ್ತು. ಗಾಬರಿಯಲ್ಲೂ ಕೆಲಸದ ಮಾತು ಬಂದರೆ ಚುರುಕು. "ಇವ ನಮ್ಮ ಬಂಡವಾಳ್ರಿ ಮೇಡಂ. ಚಪ್ಪಲಿ, ಬೆಲ್ಲ, ಬೆಳ್ಳಿ, ಏನ ಬರಲಿ, ಟೈಲ್ಸ್ ಮ್ಯಾಲ ಇಟ್ಟು ಫೋಟೋ ತಗೀತೇನಿ. ಫೋಟೋದಾಗ ಅರಮನಿ ಕಟ್ಟಿ ಕಂಡಂಗ ಕಾಣ್ತೈತಿ. ಕಾಗದ ಮಡಚ್ತೈತಿ, ಅರಿವಿ ಕಲೀ ಹಿಡೀತೈತಿ. ಟೈಲ್ಸ್ ತೊಳದ್ರ ಮುಗೀತು."

"ಮಂಗಳವಾರ ತಗದ ಫೋಟೋ ತೋರಸ್ರಿ."

ರೂಪಾಲಿ ಕಂಪ್ಯೂಟರಿನಲ್ಲಿ ತೆರೆದಳು. ಕರಿ ಟೈಲ್ಸಿನ ಮೇಲೆ ಕಳಶ. ನೀಲಮ ಹಿಗ್ಗಿಸಿ ನೋಡಿದಳು. ಸುತ್ತಲಿಂದ ತೆಗೆದ ಚಿತ್ರಗಳನ್ನೆಲ್ಲ ನೋಡಿದಳು. ಸವೆದ ದಳ ಎಲ್ಲೂ ಇಲ್ಲ. ಇದು ನಕಲಿ.

ಲೆಕ್ಕ ಸರಳವಾಗಿತ್ತು. ಸೋಮವಾರ ಸಂಜೆ ಅಸಲಿ. ಮಂಗಳವಾರ ಬೆಳಿಗ್ಗೆ ನಕಲಿ. ನಡುವೆ ಒಂದು ಕಪಾಟು, ಒಂದು ಕೀಲಿ, ಒಬ್ಬ ಹೆಂಗಸು.

ಇಷ್ಟು ಸರಳವಾಗಿದ್ದೇ ನೀಲಮಳಿಗೆ ಹಿಡಿಸಲಿಲ್ಲ.

* * *

"ಸೋಮವಾರ ಏನಾತು ಹೇಳು, ಶೇವಂತಾಬಾಯಿ."

"ಐದಕ್ಕ ಸಮ್ಮೇದಣ್ಣಾರು ಬಂದ್ರು. ಬಿಳಿ ಅರಿವ್ಯಾಗ ಕಟ್ಟಿದ ಗಂಟು ಕೊಟ್ರು. ಹಂಗ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದೆ."

"ರೂಪಾಲಿ ಎಲ್ಲಿದ್ಲು?"

"ಕಾಗವಾಡಕ್ಕ ಹೋಗಿದ್ರು. ಒಣದ್ರಾಕ್ಷಿ ಫೋಟೋ ಇತ್ತು."

"ಗಂಟು ಬಿಚ್ಚಿ ನೋಡಲಿಲ್ಲ?"

"ಪೂಜಿ ಸಾಮಾನ ನಾ ಬಿಚ್ಚಂಗಿಲ್ರಿ ಬಾಯಾರ. ಅವರ ಮನ್ಯಾಗಿನವರ ಬಂದು ಬಿಚ್ಚಬೇಕು. ಮಂಗಳವಾರ ಹತ್ತಕ್ಕ ಸಮ್ಮೇದಣ್ಣಾರ ಬಿಚ್ಚಿದ್ರು. ಮಧ್ಯಾಹ್ನ ಅವರ ಒಯ್ದ್ರು."

"ಸೋಮವಾರ ಅವರು ಇಲ್ಲಿ ಫೋಟೋ ತಗದ್ರಂತಲ್ಲ?"

ಶೇವಂತಾ ತಲೆ ಎತ್ತಿದಳು. "ಯಾರು? ಇಲ್ಲಿ? ಹೊಸ್ತಲಾ ಸೈತ ದಾಟಿಲ್ರಿ ಅವರು. ಗಂಟು ಕೊಟ್ಟು ಗಾಡಿ ಹತ್ತಿ ಹೋದ್ರು."

ಒಬ್ಬರು ಸುಳ್ಳು ಹೇಳುತ್ತಿದ್ದರು. ನೀಲಮ ಫೋನು ಕಿಸೆಯಲ್ಲೇ ಇಟ್ಟುಕೊಂಡಳು. ಸಂಶಯದಲ್ಲಿರುವವರಿಗೆ ಸಾಕ್ಷಿ ತೋರಿಸಬಾರದು ಎಂಬುದು ಅವಳ ಅಭ್ಯಾಸ.

"ನಿನ್ನವರು ಯಾರಾರ ಬೆಳ್ಳಿ ಕೆಲಸದಾಗ ಅದಾರೇನು?"

"ನನ್ನ ತಮ್ಮ ಮಾಯಪ್ಪ. ಹುಪರಿಯೊಳಗ, ಸುರಜ ಶೇಟ್ರ ಕಾರಖಾನ್ಯಾಗ."

ಸಮ್ಮೇದನ ಹನ್ನೆರಡು ಕಳಶಗಳು ತಯಾರಾದದ್ದು ಅದೇ ಕಾರಖಾನೆಯಲ್ಲಿ.

* * *

ಸಮ್ಮೇದನ ಅಂಗಡಿ ಎರಡು ಓಣಿ ಆಚೆ. ಮುಂದೆ ಗಲ್ಲೆ, ಹಿಂದೆ ದೇವರ ಕಟ್ಟೆಯಿದ್ದ ಒಂದು ಕೋಣೆ. ಗಿರಾಕಿಗಳು ನಿಲ್ಲುವ ಜಾಗದಲ್ಲಿ ಮೂರು ಹೊಸ ಟೈಲ್ಸ್ ಕೂರಿಸಿದ್ದರು. ಮೇಲೆಲ್ಲ ಮೆಟ್ಟಿನ ಧೂಳು. ನಾಲ್ಕನೆಯದರ ಜಾಗದಲ್ಲಿ ಬರೀ ಸಿಮೆಂಟು.

"ಮೂರ ಯಾಕ್ರಿ?" ಎಂದಳು ನೀಲಮ, ಮಾತಿಗೆ ಮಾತೆಂಬಂತೆ.

"ಒಂದು ಒಡೀತ್ರಿ ಮೇಡಂ. ಕುಂಡರ್ರಿ. ಚಹಾ ತರಸ್ಲಿ?"

"ಬ್ಯಾಡ. ಸೋಮವಾರದ ಫೋಟೋ ನಿಮ್ಮ ಫೋನಿನ್ಯಾಗ ತೋರಸ್ರಿ."

"ಅಳಸೀನ್ರಿ. ಫೋನ್ ತುಂಬಿತ್ತು. ಅಪ್ಪಗ ಕಳಿಸಿದ ಮ್ಯಾಲ ನನಗ್ಯಾಕಂತ."

"ಎಲ್ಲಿ ನಿಂತು ತಗದ್ರಿ?"

"ಸ್ಟುಡಿಯೋದಾಗ. ಆಕೀ ಎದುರಿಗೇನ. ಅಲ್ಲೇ ಇದ್ದ ಟೈಲ್ಸ್ ಮ್ಯಾಲ ಇಟ್ಟು ತಗದು, ಮತ್ತ ಕಟ್ಟಿ ಕೊಟ್ಟೆ." ಸಮ್ಮೇದ ದನಿ ತಗ್ಗಿಸಿದ. "ಮೇಡಂ, ಆಕೀಗೆ ಭಾಳ ತ್ರಾಸ ಕೊಡಬ್ಯಾಡ್ರಿ. ಬಡವಿ. ಕೆಲಸ ಬಿಡಿಸಿದ್ರ ಸಾಕು. ಕಳಶ ಹೋದದ್ದು ಹೋತು."

ಒಳ್ಳೆಯ ಮಾತು. ಆದರೆ ಕಳಶ ಸಿಗುವವರೆಗೆ ನೀರೂ ಮುಟ್ಟುವುದಿಲ್ಲವೆಂದು ಅಜ್ಜಿ ಕೂತಿರುವಾಗ, ಹೋದದ್ದು ಹೋಯಿತು ಎನ್ನುವ ಮೊಮ್ಮಗನನ್ನು ನೀಲಮ ಮೊದಲ ಸಲ ನೋಡುತ್ತಿದ್ದಳು.

"ಹನ್ನೆರಡರಾಗ ಎಷ್ಟು ಉಳದಾವು?"

"ಏಳು. ಐದು ಮಾರ್ಯಾವು. ಜತ್ರಿ ಗಿರಾಕಿ, ಹೆಸರು ಬರಕೊಂಡಿಲ್ರಿ."

* * *

ಹುಪರಿಯ ಸುರಜ ಮಾತಿನಲ್ಲಿ ಜಿಪುಣ. ಕಿವಿಗೆ ಅಕ್ಕಸಾಲಿಗನ ಊದುಗೊಳವೆ ಸಿಕ್ಕಿಸಿಕೊಂಡವನಂತೆ ಒಂದೇ ಕಡೆ ತಲೆ ವಾಲಿಸಿ ಕೂತಿದ್ದ.

"ಮಾಯಪ್ಪ? ಗೆಜ್ಜಿ ಬೆಸೀತಾನ್ರಿ ಅಂವ. ಅದೂ ಕಾರಹುಣ್ಣಿವಿ ಮುಂಚಿನಿಂದ ಕಾಲ ಮುರಕೊಂಡು ಮನ್ಯಾಗ ಬಿದ್ದಾನ. ಕಳಶದ ಕೆಲಸ ಸುರು ಆಗಿದ್ದು ಆಮ್ಯಾಲ."

"ಅಚ್ಚು ಯಾರ ಕಡೆ ಐತಿ?"

"ಸಮ್ಮೇದ ಶೇಟ ಒಯ್ದ್ರು. ಹನ್ನೆರಡು ಪೀಸು, ಅಚ್ಚು, ಎಲ್ಲಾ. 'ನಮ್ಮ ಮನೀ ಕಳಶ, ಹೊರಗ ಇರಬಾರ್ದು' ಅಂದ್ರು."

"ಹೊಸ ಬೆಳ್ಳೀಗೆ ಹಳೇ ಕಪ್ಪು ಹೆಂಗ ಬರ್ತೈತಿ?"

ಸುರಜ ನಕ್ಕ. "ಗಂಧಕದ ನೀರಿನ್ಯಾಗ ಒಂದ ಮುಳುಗು. ಚಹಾ ಮಾಡೂದಕ್ಕಿಂತ ಸರಳ. ಆದರ ಬಾಯಿಸಾಹೇಬ್ರ, ಸವದದ್ದು ಮಾಡಾಕ ಬರಂಗಿಲ್ಲ. ಉಜ್ಜಿದ್ರ ಉಜ್ಜಿದಂಗ ಕಾಣ್ತೈತಿ. ಬೆರಳ ಸವಸಿದ್ದು ಬ್ಯಾರೆ."

ತಮ್ಮನ ಎಳೆ ಅಲ್ಲಿಗೆ ತುಂಡಾಯಿತು. ಹದಿಮೂರನೆಯ ನಕಲಿ ಹುಟ್ಟಲು ಸಾಧ್ಯವಿಲ್ಲ. ಸೋನಾಬಾಯಿಯ ಕೈಗೆ ಬಂದದ್ದು ಸಮ್ಮೇದನ ಹನ್ನೆರಡರಲ್ಲೇ ಒಂದು. ಆದರೂ ಮಾರಿದ ಐದರಲ್ಲಿ ಒಂದನ್ನು ಶೇವಂತಾಳೇ ಯಾರಿಂದಲೋ ತರಿಸಿರಬಹುದು ಎಂದು ವಕೀಲ ಹೇಳಿಯಾನು. ಆ ಫೋಟೋ ಇರುವವರೆಗೆ ಕೀಲಿ ಇದ್ದವಳೇ ಕಳ್ಳಿ.

ಫೋಟೋ. ಎಲ್ಲ ಅದರ ಮೇಲೆಯೇ ನಿಂತಿತ್ತು. ಅದನ್ನು ನೋಡಬೇಕಾದವಳಿಗೆ ತಾನು ಇನ್ನೂ ತೋರಿಸಿಯೇ ಇಲ್ಲ ಎಂಬುದು ನೀಲಮಳಿಗೆ ದಾರಿಯಲ್ಲಿ ಹೊಳೆಯಿತು. ತನ್ನ ಅಭ್ಯಾಸಕ್ಕೆ ತಾನೇ ಬೈದುಕೊಂಡಳು.

* * *

ಗುರುವಾರ ಬೆಳಿಗ್ಗೆ ಸ್ಟುಡಿಯೋದಲ್ಲಿ ನೀಲಮ ಫೋನನ್ನು ಶೇವಂತಾಳ ಮುಂದೆ ಹಿಡಿದಳು.

ಶೇವಂತಾ ಕಳಶವನ್ನು ನೋಡಲಿಲ್ಲ. ಅದರ ಕೆಳಗೆ ನೋಡಿದಳು.

"ಅಯ್ಯ, ಇದರ ಮ್ಯಾಲ ಕಳಶ ಇಟ್ಟಾರ?" ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಬೇಸರ ಇತ್ತು. "ಬಾಯಾರ, ಇಲ್ಲಿ ಆಗಿದ್ರ ನಾ ಕೈ ಹಿಡೀತಿದ್ನಿ. ಇದು ಚರ್ಮದ್ದು."

"ಟೈಲ್ಸ್ ಚರ್ಮದ್ದು?"

ಶೇವಂತಾ ಎದ್ದು ಹೋದಳು. ಮುಂದಿನ ರ‍್ಯಾಕಿನಿಂದ ಬಂಗಾರದ ಗೆರೆಯ ಬಿಳಿ ಟೈಲ್ಸನ್ನು ಎದೆಗಾನಿಸಿ ತಂದಳು. ಬೋರಲು ಹಾಕಿದಳು. ಹಿಂಬದಿಯಲ್ಲಿ ಅಂಗೈಯಗಲದ ಕೆಂಪು ಬಣ್ಣದ ಗುರುತು.

"ಅಥಣಿ ಚಪ್ಪಲಿ, ಚೀಲ, ಬೆಲ್ಟ, ಇವೆಲ್ಲಾ ಕೆಂಪು ಗುರುತಿನ್ವು. ಪೂಜಿ ಸಾಮಾನಕ್ಕ ಹಳದಿ ಗುರುತು. ಪಾಟೀಲರಂಥಾ ಮಂದಿ ಚಪ್ಪಲಿ ಇಟ್ಟಲ್ಲಿ ದೇವರ ಸಾಮಾನ ಇಡಂಗಿಲ್ಲ ನೋಡ್ರಿ. ಅವರ ನಂಬಿಗಿ. ನಾ ಆರ ವರ್ಷದಾಗ ಒಮ್ಮಿನೂ ಕಲಸಿಲ್ಲ."

"ಹೌದ್ರಿ ಮೇಡಂ," ಎಂದಳು ರೂಪಾಲಿ. "ಈ ಗುರುತಿನ ಪದ್ಧತಿ ಶೇವಂತಾ ಮಾವಶೀದ. ಮಂಗಳವಾರ ಕಳಶ ಇಟ್ಟ ಕರಿ ಟೈಲ್ಸ್ ಹಳದಿ ಗುರುತಿಂದು."

"ಆದರ ಇದು ನಿನ್ನ ಮಾತು, ಶೇವಂತಾಬಾಯಿ. ನೀ ಹೊರಗಿದ್ದಾಗ ಅವರು ಇಟ್ಟಿರಬಹುದು."

"ಇಡ್ಲಿ ಬಿಡ್ರಿ." ಶೇವಂತಾ ಟೈಲ್ಸನ್ನು ಮೇಲ್ಮುಖ ಮಾಡಿದಳು. ಫೋನನ್ನು ಅದರ ಪಕ್ಕ ಇಟ್ಟಳು. "ನೀವ ನೋಡ್ರಿ. ಗೆರೀ ನೋಡ್ರಿ."

ನೀಲಮ ಬಗ್ಗಿದಳು. ಎದುರಿನ ಟೈಲ್ಸಿನಲ್ಲಿ ಬಂಗಾರದ ಗೆರೆ ಮೂಲೆಯಿಂದ ಮೂಲೆಗೆ ನೇರ ಹರಿದಿತ್ತು. ಫೋಟೋದಲ್ಲಿ ಗೆರೆ ನಡುವೆ ಒಡೆದು ಕಾಗೆಯ ಹೆಜ್ಜೆಯಂತೆ ಮೂರಾಗಿತ್ತು.

"ಬ್ಯಾರೆ ಟೈಲ್ಸ್."

"ಜಾತಿ ಒಂದ, ಮುಖ ಬ್ಯಾರೆ. ಇಲ್ಲಿಗೆ ಬರೂ ಮುಂಚೆ ನಾ ಚಿಕ್ಕೋಡಿ ಟೈಲ್ಸ್ ಅಂಗಡ್ಯಾಗ ಎಂಟ ವರ್ಷ ಡಬ್ಬಿ ಹೊತ್ತೀನ್ರಿ. ಈ ಜಾತಿದು ಒಂದ ಡಬ್ಬ್ಯಾಗ ನಾಕು ಬರ್ತಾವು. ನಾಕರದೂ ಗೆರೀ ಬ್ಯಾರೆ ಬ್ಯಾರೆ, ಖರೇ ಕಲ್ಲಿನಂಗ ಕಾಣ್ಲೆಂತ. ನಮ್ಮ ಕಡೆ ಇದೊಂದ ಐತಿ. ಏಜಂಟ ನಮೂನಾಕ್ಕ ಕೊಟ್ಟಿದ್ದು."

ನೀಲಮ ನೆಟ್ಟಗಾದಳು. ಫೋಟೋ ಈ ಕೋಣೆಯಲ್ಲಿ ತೆಗೆದದ್ದಲ್ಲ. ಕಣ್ಣಿಗೆ ಕಾಣುವ ಸತ್ಯ ಅದು. ಯಾರ ಮಾತೂ ಬೇಕಿಲ್ಲ.

"ಈ ಟೈಲ್ಸ್ ಬಗ್ಗೆ ಯಾರಾರ ಕೇಳಿದ್ರೇನು?"

ರೂಪಾಲಿ ಬಾಯಿಗೆ ಕೈ ಹಚ್ಚಿದಳು. "ಸಮ್ಮೇದಣ್ಣ. ಹದಿನೈದು ದಿನದ ಹಿಂದ ಫೋಟೋದ ದಿನಾ ಗೊತ್ತ ಮಾಡಾಕ ಬಂದಿದ್ರು. ರ‍್ಯಾಕಿನ್ಯಾಗ ಮುಂದ ಇದ ಇತ್ತು. ಭಾಳ ಚಂದ ಐತಿ, ಹೆಸರೇನಂದ್ರು. ನಾನ ಹೇಳೀನ್ರಿ."

"ಶೇವಂತಾಬಾಯಿ, ಒಂದ ಟೈಲ್ಸ್ ಬಿಡಿ ಸಿಗ್ತೈತೇನು?"

"ಯಾರ ಕೊಡ್ತಾರ್ರಿ? ಡಬ್ಬೀನ ತಗೋಬೇಕು."

ನಾಲ್ಕರಲ್ಲಿ ಒಂದು ಫೋಟೋಕ್ಕೆ. ಉಳಿದದ್ದು ಮೂರು. ಮೂರು ಟೈಲ್ಸಿನ ಮೇಲೆ ನಿಂತು ತಾನು ಸಮ್ಮೇದನ ಜೊತೆ ಮಾತಾಡಿದ್ದು ನೀಲಮಳಿಗೆ ನೆನಪಾಯಿತು.

"ನಡಿ, ಜೀಪ್ ಹತ್ತು."

* * *

ಅಂಗಡಿಗೆ ಧರಣೇಂದ್ರನನ್ನೂ ಸೋನಾಬಾಯಿಯನ್ನೂ ಕರೆಸಿದ್ದಳು ನೀಲಮ. ಶೇವಂತಾಳನ್ನು ಕಂಡು ಧರಣೇಂದ್ರ ಮೂಗು ಮುರಿದ.

"ಈಕೀನ್ಯಾಕ ತಂದ್ರಿ?"

"ಟೈಲ್ಸ್ ತೋರಸಾಕ."

ಶೇವಂತಾ ಗಲ್ಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಧೂಳು ಒರೆಸಿದಳು. ಬಿಳಿ ಹೊಳಪು, ಬಂಗಾರದ ಗೆರೆ. ಒಂದಾದ ಮೇಲೊಂದು ಮೂರನ್ನೂ ಒರೆಸಿದಳು. "ಅದ ಜಾತಿ ಬಾಯಾರ. ಫೋಟೋದಾಗಿನ ಮುಖ ಇದರಾಗಿಲ್ಲ. ನಾಕನೇದು ಅದು."

"ನಾಕನೇದು ಒಡೀತು ಅಂದ್ರಲ್ಲ ಸಮ್ಮೇದಣ್ಣಾ," ಎಂದಳು ನೀಲಮ. "ಕಳಶ ಕುಂತ ಟೈಲ್ಸ್, ಅದನ್ನ ಒಡಿಯಾಕ ನಿಮಗ ಕೈ ಬರಂಗಿಲ್ಲ. ಹಿಂದಿನ ಕೋಣಿ ತೆಗೀರಿ. ದೇವರ ಕಟ್ಟಿ ನೋಡಬೇಕು."

ಸಮ್ಮೇದ ಕೋಣೆಯ ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ನೀಲಮ ಬೂಟು ಕಳಚಿ ಒಳಗೆ ಹೋದಳು. ಮೂಲೆಯ ಕಟ್ಟೆಯ ಮೇಲೆ ಕೆಂಪು ವಸ್ತ್ರ, ಅದರ ಮೇಲೆ ತೀರ್ಥಂಕರರ ಪಟ. ಶೇವಂತಾ ಹೊಸ್ತಿಲಲ್ಲೇ ನಿಂತಳು. ಸೋನಾಬಾಯಿ ತಾನೇ ಹೋಗಿ ಪಟ ಎತ್ತಿದಳು, ವಸ್ತ್ರ ಸರಿಸಿದಳು.

ಬಿಳಿ ಟೈಲ್ಸ್. ನಡುವೆ ಒಡೆದು ಮೂರಾದ ಬಂಗಾರದ ಗೆರೆ.

ನೀಲಮಳೇ ಶುರು ಮಾಡಿದಳು.

"ಅಸಲಿ ಕಳಶ ಸ್ಟುಡಿಯೋಕ್ಕ ಹೋಗೇ ಇಲ್ಲ. ಸೋಮವಾರ ಗಂಟಿನ್ಯಾಗಿದ್ದದ್ದು ಗಂಧಕದ ನೀರಿನ್ಯಾಗ ಮುಳುಗಿಸಿದ ನಕಲಿ. ಆದರ ಅಸಲಿ ಅಲ್ಲಿತ್ತು ಅಂತ ತೋರಸಬೇಕಾಗಿತ್ತು. ಅದಕ್ಕ ಸ್ಟುಡಿಯೋದ ಟೈಲ್ಸಿನಂಥಾದ್ದ ತಂದು, ಈ ಕೋಣ್ಯಾಗ ಫೋಟೋ ತಗದು, ಅಪ್ಪಗ ಕಳಿಸಿದ್ರಿ. ಕೇಳದ ಫೋಟೋ. ಕಳಿಸಿದ ಕೂಡ್ಲೇ ಅಳಿಸಿದ ಫೋಟೋ."

"ಅದ ಟೈಲ್ಸ್ ಮ್ಯಾಲ, ಸ್ಟುಡಿಯೋದಾಗ..." ಧರಣೇಂದ್ರ ತಡವರಿಸಿದ.

"ಸ್ಟುಡಿಯೋದಾಗ ಆ ಟೈಲ್ಸ್ ಮ್ಯಾಲ ಚಪ್ಪಲಿ ಇಡ್ತಾರ ಪಾಟೀಲ್ರ. ಅದು ನಿಮ್ಮ ಮಗಗ ಗೊತ್ತಿದ್ದಿಲ್ಲ. ಗೊತ್ತಿದ್ದದ್ದು ಈಕೀಗೆ. ನಿಮ್ಮ ದೇವರ ಸಾಮಾನಕ್ಕ ಚರ್ಮ ತಾಕಬಾರ್ದಂತ ಆರ ವರ್ಷ ಗುರುತ ಹಾಕಿ ಕಾದಾಕಿ ಈಕಿ."

ಧರಣೇಂದ್ರ ಶೇವಂತಾಳ ಕಡೆ ನೋಡಲಿಲ್ಲ.

"ಫೋಟೋ ತಗದ ಮ್ಯಾಲ ಟೈಲ್ಸ್ ಒಡದು ಗಟಾರಕ್ಕ ಒಗದಿದ್ರ ನಮಗೇನೂ ಸಿಗ್ತಿದ್ದಿಲ್ಲ," ಎಂದಳು ನೀಲಮ. "ಆದರ ಕಳಶ ಕುಂತದ್ದು. ಒಗೀಲಿಕ್ಕೆ ಮನಸ್ಸ ಬರ್ಲಿಲ್ಲ. ಉಳಿದ ಮೂರು ಮಂದೀ ಕಾಲಾಗ ಹಾಕಿದ್ರಿ, ಇದೊಂದನ್ನ ದೇವರ ಕೆಳಗ ಇಟ್ರಿ. ಬ್ಯಾರೆ ಕಳ್ಳ ಆಗಿದ್ರ ಈ ತಪ್ಪ ಮಾಡ್ತಿದ್ದಿಲ್ಲ."

ಸೋನಾಬಾಯಿ ಮೊಮ್ಮಗನ ಎದುರು ಬಂದು ನಿಂತಳು. "ಮಾರಿದೇನಪಾ?"

"ಇಲ್ಲ ಆಯಿ!" ಎಂದ ಸಮ್ಮೇದ. "ಮಾರೂದೇನು, ದಿನಾ ನೀರ ಸೋಸಿ ತುಂಬಾಕತ್ತೀನಿ. ಅಕ್ಕ ರಾಯಬಾಗದಾಕಿ. ಆ ಮನ್ಯಾಕಿ. ನಮ್ಮ ಮನೀ ಕಳಶ ನಮ್ಮ ಮನ್ಯಾಗ ಇರಬೇಕಂತ..." ಅವನು ಕಟ್ಟೆಯ ಕೆಳಗಿನ ಪೆಟ್ಟಿಗೆ ತೆರೆದ. ಬಿಳಿ ಬಟ್ಟೆಯ ಗಂಟು ತೆಗೆದು ಅಜ್ಜಿಯ ಕೈಗಿಟ್ಟ.

ಮುದುಕಿ ಬಿಚ್ಚಲಿಲ್ಲ. "ನಾ ಯಾರಿಗಿ ಕೊಟ್ರೂ ನೀರು ಬಸದೀಗೇ ಹೋಗ್ತಿತ್ತು. ನೀ ಕೇಳಬೇಕಿತ್ತು, ನನ್ನ ಕೂಡ ಜಗಳ ಆಡಬೇಕಿತ್ತು."

"ಮೇಡಂ," ಧರಣೇಂದ್ರ ಕೈ ಮುಗಿದ. "ಕಳಶ ಸಿಕ್ತು. ಮನೀ ಮಾತು. ದೂರು ಹಿಂದ ತಗೋತೇನಿ."

"ಮನೀ ಹೊರಗಿನ ಹೆಣ್ಮಗಳನ್ನ ಕಳ್ಳಿ ಅಂದಾಗ ಅದು ಮನೀ ಮಾತು ಉಳೀಲಿಲ್ರಿ." ನೀಲಮ ಸಮ್ಮೇದನ ಕಡೆ ತಿರುಗಿದಳು. "ಟೈಲ್ಸಿಗೆ ಮೈಲಿಗಿ ಆಗಬಾರ್ದಂತ ಇಷ್ಟ ಕಾಳಜಿ ಮಾಡಿದ್ರಿ. ಈಕೀ ಹೆಸರಿಗೆ ಏನ ಆಗ್ತೈತಿ ಅಂತ ಒಮ್ಮಿ ಅನಿಸಲಿಲ್ಲೇನು? ನಡೀರಿ, ಠಾಣೆಗೆ ಹೋಗೂಣು."

* * *

ಮಧ್ಯಾಹ್ನ ಧರಣೇಂದ್ರ ಒಬ್ಬನೇ ಸ್ಟುಡಿಯೋಕ್ಕೆ ಬಂದ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ. ಮೆಲ್ಲಗೆ ಕೆಮ್ಮಿದ.

"ಶೇವಂತಾಬಾಯಿ, ತಪ್ಪಾತು. ಮನಸ್ಸಿಗೆ ಹಚ್ಚಿಕೋಬ್ಯಾಡ."

ಶೇವಂತಾ ತೊಳೆದ ಟೈಲ್ಸನ್ನು ಗೋಡೆಗೆ ಆನಿಸಿ ಕೈ ಒರೆಸಿಕೊಂಡಳು.

"ಕಳ್ಳಿ ಅಂತ ಎಲ್ಲಿ ನಿಂತು ಅಂದಿದ್ರಿ ಅಣ್ಣಾರ?"

ಅವಳು ಬಾಗಿಲು ತೆರೆದು ಪೂರ್ತಿ ಹಿಂದಕ್ಕೆ ತಳ್ಳಿದಳು. ಓಣಿಯಲ್ಲಿ ಮಂದಿ ಇದ್ದರು. ಧರಣೇಂದ್ರ ಮೆಟ್ಟಿಲಿಳಿದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ನಾಲ್ಕು ಮಂದಿ ತಿರುಗಿ ನೋಡಿದರು.

"ಈ ಹೆಣ್ಮಗಳು ಕಳ್ಳಿ ಅಲ್ಲ," ಎಂದ. "ತಪ್ಪು ನಮ್ಮ ಮನೀದು."

ಶೇವಂತಾ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇನ್ನೊಮ್ಮಿ ಹೇಳ್ರಿ ಅಣ್ಣಾರ," ಎಂದಳು. "ಆಚಿಕಡೆ ಪಾನ್ ಅಂಗಡ್ಯಾಂವಗ ಕೇಳಸಿಲ್ಲ."